ಲ್ಯಾಬ್‌ನ ಸ್ಟ್ಯಾಕ್, ಫೋನಿನ ಸ್ಟ್ಯಾಕ್

ಪ್ರಶ್ನೆ: ನಾನು ಬಿಸಿಎ ಕೊನೆಯ ವರ್ಷದ ವಿದ್ಯಾರ್ಥಿನಿ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ನಲ್ಲಿ ಸ್ಟ್ಯಾಕ್ ಮತ್ತು ಕ್ಯೂಗಳನ್ನು ಸಿ ಭಾಷೆಯಲ್ಲಿ ಅರೇ ಬಳಸಿ ಬರೆದಿದ್ದೇವೆ. ಈಗ ಪ್ರಾಜೆಕ್ಟ್‌ಗೆಂದು ಕೋಟ್ಲಿನ್‌ನಲ್ಲಿ ಆಂಡ್ರಾಯ್ಡ್‌ಗೆ ಒಂದು ಕನ್ನಡ ನೋಟ್ಸ್ ಆ್ಯಪ್ ಮಾಡುತ್ತಿದ್ದೇನೆ. ‘ಕಲಿತ ಡೇಟಾ ಸ್ಟ್ರಕ್ಚರ್ ಇದರಲ್ಲಿ ಎಲ್ಲಿ ಬಳಸಿದ್ದೀಯ, ತೋರಿಸು’ ಎಂದು ನಮ್ಮ ಗೈಡ್ ಕೇಳುತ್ತಿದ್ದಾರೆ. ಎಲ್ಲಿ ಬಳಸಬಹುದು? ನಾನೇ ಕ್ಲಾಸ್ ಬರೆಯಬೇಕೆ, ಸಿದ್ಧವಾಗಿ ಸಿಗುವುದನ್ನು ಬಳಸಬೇಕೆ?
(ಒಬ್ಬ ಓದುಗರು, ದಾವಣಗೆರೆ)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕ್ಲಾಸ್ ಬರೆಯಬೇಡಿ, ಸಿದ್ಧವಾಗಿರುವುದನ್ನೇ ಬಳಸಿ. ಸ್ಟ್ಯಾಕ್ ಬರೆಯುವುದು ಹತ್ತು ನಿಮಿಷದ ಕೆಲಸ, ಅದು ನಿಮಗೆ ಬರುತ್ತದೆ ಎಂಬುದಕ್ಕೆ ಲ್ಯಾಬ್ ರೆಕಾರ್ಡ್ ಸಾಕ್ಷಿ ಇದೆ. ಆ್ಯಪ್‌ನಲ್ಲಿ ಕಷ್ಟ ಇರುವುದು ಪುಶ್, ಪಾಪ್‌ಗಳಲ್ಲಿ ಅಲ್ಲ. ಲ್ಯಾಬ್‌ನ ಪ್ರೋಗ್ರಾಂ ನೀವು ಮೆನುವಿನಲ್ಲಿ ‘ಎಕ್ಸಿಟ್’ ಒತ್ತುವ ತನಕ ಬದುಕಿರುತ್ತದೆ. ಫೋನಿನ ಆ್ಯಪ್‌ಗೆ ಆ ಭಾಗ್ಯವಿಲ್ಲ. ಬಳಸುವವರು ಕರೆ ಬಂತೆಂದು ಆಚೆ ಹೋದರು, ಕ್ಯಾಮೆರಾ ತೆರೆದರು, ಮೆಮೊರಿ ಸಾಲದಾಯಿತು ಎಂದರೆ ಹಿನ್ನೆಲೆಗೆ ಸರಿದ ನಿಮ್ಮ ಆ್ಯಪ್‌ನ ಪ್ರೊಸೆಸ್ಸನ್ನು ಆಂಡ್ರಾಯ್ಡ್ ಹೇಳದೆ ಕೇಳದೆ ಮುಗಿಸುತ್ತದೆ. ಅರೇಯಲ್ಲಿದ್ದದ್ದೆಲ್ಲ ಅದರೊಂದಿಗೇ ಹೋಗುತ್ತದೆ. ಆದ್ದರಿಂದ ಆ್ಯಪ್‌ನಲ್ಲಿ ಸ್ಟ್ಯಾಕ್ ಅಥವಾ ಕ್ಯೂ ಇಡುವ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಪ್ರೊಸೆಸ್ ಸತ್ತಾಗ ಇದರೊಳಗೆ ಇದ್ದದ್ದು ಹೋದರೆ ನಡೆಯುತ್ತದೆಯೇ, ಇಲ್ಲವೇ? ಅದನ್ನು ಎಲ್ಲಿಡಬೇಕು, ಎಷ್ಟು ಬೆಳೆಯಲು ಬಿಡಬೇಕು ಎಂಬುದೆಲ್ಲ ಈ ಉತ್ತರದ ಮೇಲೆ ನಿಂತಿದೆ.

ಇನ್ನು ಎಲ್ಲಿ ಬಳಸಬಹುದು ಎಂಬುದು. ನಿಮ್ಮ ನೋಟ್ಸ್ ಆ್ಯಪ್‌ನಲ್ಲಿ ಸ್ಟ್ಯಾಕ್ ಆಗಲೇ ಇದೆ, ನೀವು ಬರೆದಿಲ್ಲ ಅಷ್ಟೆ. ಟಿಪ್ಪಣಿಗಳ ಪಟ್ಟಿಯಿಂದ ಒಂದು ಟಿಪ್ಪಣಿಗೆ, ಅಲ್ಲಿಂದ ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕ್ ಒತ್ತಿದರೆ ಬಂದ ದಾರಿಯಲ್ಲೇ ವಾಪಸು ಬರುತ್ತೀರಲ್ಲ, ಅದು ಬ್ಯಾಕ್ ಸ್ಟ್ಯಾಕ್. ಹೊಸ ಪರದೆ ತೆರೆದಾಗ ಪುಶ್, ಬ್ಯಾಕ್ ಒತ್ತಿದಾಗ ಪಾಪ್. ಐಫೋನ್‌ನಲ್ಲಿ ಯುಐ ನ್ಯಾವಿಗೇಶನ್ ಕಂಟ್ರೋಲರ್ ಮಾಡುವುದೂ, ಫ್ಲಟರ್‌ನಲ್ಲಿ ನ್ಯಾವಿಗೇಟರ್ ಮಾಡುವುದೂ ಇದನ್ನೇ. ಅಲ್ಲಿನ ಫಂಕ್ಷನ್‌ಗಳ ಹೆಸರೂ ಪುಶ್, ಪಾಪ್ ಎಂದೇ ಇದೆ. ಆಪಲ್ 2022ರಲ್ಲಿ ಐಒಎಸ್ 16ರ ಜೊತೆ ಸ್ವಿಫ್ಟ್‌ಯುಐಗೆ ಕೊಟ್ಟ ಹೊಸ ಸೌಲಭ್ಯಕ್ಕೆ ನೇರವಾಗಿ ನ್ಯಾವಿಗೇಶನ್ ಸ್ಟ್ಯಾಕ್ ಎಂದೇ ಹೆಸರು. ಗೂಗಲ್ 2025ರಲ್ಲಿ ಪ್ರಕಟಿಸಿದ ನ್ಯಾವಿಗೇಶನ್ 3 ಲೈಬ್ರರಿಯಲ್ಲಂತೂ ಬ್ಯಾಕ್ ಸ್ಟ್ಯಾಕ್ ಎಂದರೆ ನಿಮ್ಮ ಕೈಯಲ್ಲೇ ಇರುವ ಒಂದು ಲಿಸ್ಟ್. ಅದಕ್ಕೆ ಸೇರಿಸಿದರೆ ಪರದೆ ಬರುತ್ತದೆ, ತೆಗೆದರೆ ಹೋಗುತ್ತದೆ.

ಪಠ್ಯಪುಸ್ತಕದ ಶುದ್ಧ ಸ್ಟ್ಯಾಕ್ ಇಲ್ಲಿ ನಡೆಯುವುದಿಲ್ಲ ಎಂಬುದನ್ನು ಮಾತ್ರ ಗೈಡ್‌ಗೆ ತೋರಿಸಿ. ಲಾಗಿನ್ ಆಗಿ ಮುಖಪುಟಕ್ಕೆ ಬಂದವರು ಬ್ಯಾಕ್ ಒತ್ತಿದರೆ ಮತ್ತೆ ಲಾಗಿನ್ ಪುಟ ಕಾಣಬಾರದು. ಅಂದರೆ ಮುಖಪುಟವನ್ನು ಪುಶ್ ಮಾಡುವಾಗಲೇ ಕೆಳಗಿನ ಲಾಗಿನ್ ಪುಟವನ್ನು ಕಿತ್ತುಹಾಕಬೇಕು. ನೋಟಿಫಿಕೇಶನ್ ಮುಟ್ಟಿ ನೇರವಾಗಿ ಒಂದು ಟಿಪ್ಪಣಿಗೆ ಬಂದವರ ಸ್ಟ್ಯಾಕ್‌ನಲ್ಲಿ ಕೆಳಗೆ ಏನೂ ಇರುವುದಿಲ್ಲ. ಅವರು ಬ್ಯಾಕ್ ಒತ್ತಿದಾಗ ಪಟ್ಟಿಯ ಪುಟ ಬರಲಿ ಎಂದರೆ ಅವರು ತೆರೆಯದೇ ಇದ್ದ ಪುಟವನ್ನು ನೀವೇ ಮೊದಲು ಕೆಳಗೆ ಇಡಬೇಕು. ಪುಶ್ ಮತ್ತು ಪಾಪ್ ಬಿಟ್ಟು ಬೇರೇನೂ ಮಾಡಬಾರದು ಎಂಬ ನಿಯಮ ಪರೀಕ್ಷೆಗೆ ಸರಿ, ಬಳಸುವವರ ಬೆರಳಿಗೆ ಸರಿಹೋಗುವುದಿಲ್ಲ.

ನೀವೇ ಸ್ಟ್ಯಾಕ್ ಇಟ್ಟುಕೊಳ್ಳಬೇಕಾಗುವ ಜಾಗ ಅಂಡೂ. ಬರೆದದ್ದನ್ನು ಹಿಂತೆಗೆಯುವ ಆ ಬಾಗಿದ ಬಾಣ. ಎರಡು ಸ್ಟ್ಯಾಕ್ ಬೇಕು, ಒಂದು ಅಂಡೂಗೆ, ಒಂದು ರೀಡೂಗೆ. ಪ್ರತಿ ಬದಲಾವಣೆ ಅಂಡೂ ಸ್ಟ್ಯಾಕ್‌ಗೆ ಹೋಗುತ್ತದೆ. ಅಂಡೂ ಒತ್ತಿದರೆ ಅಲ್ಲಿಂದ ತೆಗೆದು, ಬದಲಾವಣೆಯನ್ನು ತಿರುಗಿಸಿ, ರೀಡೂ ಸ್ಟ್ಯಾಕ್‌ಗೆ ಹಾಕುತ್ತೀರಿ. ಬಳಸುವವರು ಹೊಸದಾಗಿ ಏನಾದರೂ ಟೈಪ್ ಮಾಡಿದ ಕ್ಷಣ ರೀಡೂ ಸ್ಟ್ಯಾಕ್ ಪೂರ್ತಿ ಖಾಲಿ ಮಾಡಬೇಕು. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಕನ್ನಡದ ಆ್ಯಪ್‌ಗೆ ಇದು ಸಾಲದು.

‘ಸ್ತ್ರೀ’ ಎಂಬ ಪದ ನೋಡಿ. ಕಣ್ಣಿಗೆ ಅದು ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಆರು ಸಂಕೇತ: ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೆ ಅದೇ ಚಿಹ್ನೆ, ರ, ಕೊನೆಗೆ ದೀರ್ಘದ ಗುಣಿತ. ಒಂದೊಂದು ಸಂಕೇತಕ್ಕೂ ಒಂದು ಪುಶ್ ಮಾಡಿದಿರೋ, ಆ ಪದ ಅಳಿಸಲು ಆರು ಸಲ ಅಂಡೂ ಒತ್ತಬೇಕು. ನಡುವೆ ಪರದೆಯ ಮೇಲೆ ಸ್ತ್ರ, ಸ್ತ್, ಸ್ತ, ಸ್, ಸ ಎಂದು ಬರೆದವರು ಎಂದೂ ಬರೆಯದ ಚೂರುಗಳು ಮೆರವಣಿಗೆ ಹೊರಡುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಕನ್ನಡ ಪಡೆಯುವ ಕೀಬೋರ್ಡ್ ಆದರೆ ಇನ್ನೂ ಫಜೀತಿ. ಪದ ಮುಗಿಯುವ ತನಕ ಕೀಬೋರ್ಡ್ ಅದನ್ನು ಅಡಿಗೆರೆ ಹಾಕಿ ಕೈಯಲ್ಲೇ ಇಟ್ಟುಕೊಂಡು, ಒಂದೊಂದು ಒತ್ತಿಗೂ ಇಡೀ ಪದವನ್ನು ತಿದ್ದುತ್ತಿರುತ್ತದೆ. ನಿಮ್ಮ ಟೆಕ್ಸ್ಟ್ ವಾಚರ್‌ಗೆ ಅಷ್ಟೂ ಸಲ ಸುದ್ದಿ ಬರುತ್ತದೆ. ಅಷ್ಟನ್ನೂ ಪುಶ್ ಮಾಡಿದರೆ ಸ್ಟ್ಯಾಕ್‌ನಲ್ಲಿ ತುಂಬುವುದು ಕಸ.

ಪರಿಹಾರ ಸರಳ. ಒಂದು ಬದಲಾವಣೆ ಬಂದೊಡನೆ ಪುಶ್ ಮಾಡಬೇಡಿ, ಸ್ವಲ್ಪ ಕಾಯಿರಿ. ಖಾಲಿ ಜಾಗ ಬಿಟ್ಟಾಗ, ಸಾಲು ಮುರಿದಾಗ, ಅಥವಾ ಒಂದು ಸೆಕೆಂಡಿನಷ್ಟು ಬೆರಳು ನಿಂತಾಗ ಅಲ್ಲಿಯವರೆಗಿನದನ್ನೆಲ್ಲ ಒಂದೇ ಬದಲಾವಣೆ ಎಂದು ಕಟ್ಟಿ ಒಳಗೆ ಹಾಕಿ. ಕನ್ನಡಕ್ಕೆ ಪದವೇ ಸರಿಯಾದ ಅಳತೆ ಎಂಬುದು ನನ್ನ ಅಭಿಪ್ರಾಯ. ಅಕ್ಷರ ಲೆಕ್ಕಕ್ಕೆ ಹೋದರೆ ಒತ್ತಕ್ಷರಗಳ ಗಡಿ ಗುರುತಿಸುವ ಜಗಳ ಬೇರೆ ಮೈಮೇಲೆ ಬರುತ್ತದೆ.

ಅಂಡೂ ಬರೆಯುವವರು ಹೆಚ್ಚುಕಡಿಮೆ ಎಲ್ಲರೂ ಬೀಳುವ ಗುಂಡಿ ಇನ್ನೊಂದಿದೆ. ಅಂಡೂ ಒತ್ತಿದಾಗ ನೀವು ಹಳೆಯ ಪಠ್ಯವನ್ನು ಪೆಟ್ಟಿಗೆಗೆ ತುಂಬುತ್ತೀರಿ. ಟೆಕ್ಸ್ಟ್ ವಾಚರ್‌ಗೆ ಅದೂ ಒಂದು ಬದಲಾವಣೆಯೇ. ಅದು ನಿಷ್ಠೆಯಿಂದ ಅದನ್ನೂ ಅಂಡೂ ಸ್ಟ್ಯಾಕ್‌ಗೆ ಪುಶ್ ಮಾಡುತ್ತದೆ, ರೀಡೂವನ್ನು ಖಾಲಿ ಮಾಡುತ್ತದೆ. ಫಲವಾಗಿ ಅಂಡೂ ಎರಡು ಸ್ಥಿತಿಗಳ ನಡುವೆ ತೂಗಾಡುತ್ತಿರುತ್ತದೆ, ರೀಡೂ ಗುಂಡಿ ಎಂದೂ ಜೀವ ಪಡೆಯುವುದಿಲ್ಲ. ‘ಈಗ ಬದಲಾಯಿಸುತ್ತಿರುವುದು ನಾನೇ’ ಎಂದು ಹೇಳುವ ಒಂದು ಬೂಲಿಯನ್ ಇಟ್ಟುಕೊಂಡು, ಅದು ಸತ್ಯವಾಗಿರುವಷ್ಟು ಹೊತ್ತು ಪುಶ್ ಮಾಡದಿದ್ದರೆ ಸಾಕು.

ಎಷ್ಟು ಇಟ್ಟುಕೊಳ್ಳಬೇಕು ಎಂಬುದೂ ಯೋಚಿಸಬೇಕಾದದ್ದೇ. ಪ್ರತಿ ಸಲ ಇಡೀ ಟಿಪ್ಪಣಿಯ ಪ್ರತಿ ತೆಗೆದಿಡುವುದು ಸುಲಭದ ದಾರಿ. ಆದರೆ ಲೆಕ್ಕ ಹಾಕಿ: ಜಾವಾ ಮತ್ತು ಕೋಟ್ಲಿನ್ ಸ್ಟ್ರಿಂಗ್‌ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 2 ಬೈಟ್. 5,000 ಸಂಕೇತಗಳ ಟಿಪ್ಪಣಿ ಎಂದರೆ 10 ಕಿಲೋಬೈಟ್, ಅಂಥ ಸಾವಿರ ಪ್ರತಿಗಳೆಂದರೆ 10 ಮೆಗಾಬೈಟ್. ಬದಲಿಗೆ ‘ಇಷ್ಟನೇ ಜಾಗದಲ್ಲಿ ಇದನ್ನು ತೆಗೆದು ಅದನ್ನು ಹಾಕಿದೆ’ ಎಂಬಷ್ಟನ್ನೇ ಇಟ್ಟರೆ ಕೆಲವು ಹತ್ತು ಬೈಟ್‌ಗಳಲ್ಲಿ ಮುಗಿಯುತ್ತದೆ. ಅದರ ಮೇಲೆ ನೂರೋ ಇನ್ನೂರೋ ಎಂದು ಮಿತಿ ಹಾಕಿ. ಮಿತಿ ದಾಟಿದಾಗ ಎಲ್ಲಕ್ಕಿಂತ ಹಳೆಯದನ್ನು ಬಿಸಾಡಬೇಕು, ಅದು ಇರುವುದು ತಳದಲ್ಲಿ. ತಳದಿಂದ ತೆಗೆಯುವ ಸ್ಟ್ಯಾಕ್ ಇನ್ನು ಸ್ಟ್ಯಾಕ್ ಅಲ್ಲ, ಎರಡೂ ತುದಿ ತೆರೆದಿರುವ ಡೆಕ್. ಹಾಡು ಕೇಳಿಸುವ ಆ್ಯಪ್‌ಗಳ ‘ಕ್ಯೂ’ ಕೂಡ ಹೀಗೆಯೇ. ‘ಪ್ಲೇ ನೆಕ್ಸ್ಟ್’ ಒತ್ತಿದರೆ ಹಾಡು ಸಾಲಿನ ಮುಂದೆ ಬಂದು ಕೂರುತ್ತದೆ. ಆ್ಯಪ್‌ಗಳಲ್ಲಿ ನಾವು ಸ್ಟ್ಯಾಕ್ ಎನ್ನುವುದೂ ಕ್ಯೂ ಎನ್ನುವುದೂ ಬಹಳ ಸಲ ಡೆಕ್ಕೇ.

ಕೋಟ್ಲಿನ್‌ನಲ್ಲಿ ಅದಕ್ಕೆ ಸಿದ್ಧವಾಗಿರುವುದು ಅರೇ ಡೆಕ್. 2020ರಲ್ಲಿ ಬಂದ ಕೋಟ್ಲಿನ್ 1.4ರಿಂದ ಭಾಷೆಯ ಭಾಗವೇ ಆಗಿದೆ. ಲ್ಯಾಬ್‌ನಲ್ಲಿ ನೀವು ರಿಯರ್‌ಗೆ ಒಂದು ಕೂಡಿಸಿ ಮ್ಯಾಕ್ಸ್‌ನಿಂದ ಭಾಗಿಸಿ ಶೇಷ ತೆಗೆದು ಬರೆದ ಸರ್ಕ್ಯುಲರ್ ಕ್ಯೂ ನೆನಪಿದೆಯಲ್ಲ, ಒಳಗೆ ಇರುವುದು ಅದೇ. ತುಂಬಿದಾಗ ತಾನೇ ದೊಡ್ಡದಾಗುತ್ತದೆ ಎಂಬುದಷ್ಟೇ ಹೆಚ್ಚು. ಆಡ್ ಲಾಸ್ಟ್‌ನಿಂದ ಸೇರಿಸಿ ರಿಮೂವ್ ಲಾಸ್ಟ್‌ನಿಂದ ತೆಗೆದರೆ ಸ್ಟ್ಯಾಕ್. ಆಡ್ ಲಾಸ್ಟ್‌ನಿಂದ ಸೇರಿಸಿ ರಿಮೂವ್ ಫಸ್ಟ್‌ನಿಂದ ತೆಗೆದರೆ ಕ್ಯೂ. ಖಾಲಿ ಇದ್ದಾಗ ಈ ಎರಡೂ ರಿಮೂವ್‌ಗಳು ಎಕ್ಸೆಪ್ಶನ್ ಎಸೆಯುತ್ತವೆ, ಆ್ಯಪ್ ಮುಚ್ಚಿಹೋಗುತ್ತದೆ. ಅಂಡೂ ಗುಂಡಿಯನ್ನು ಮಕ್ಕಳು ಹತ್ತು ಸಲ ಒತ್ತುತ್ತಾರೆ ಎಂಬುದು ನೆನಪಿರಲಿ. ‘ರಿಮೂವ್ ಲಾಸ್ಟ್ ಆರ್ ನಲ್’ ಬಳಸಿ, ಖಾಲಿ ಇದ್ದರೆ ನಲ್ ಬರುತ್ತದೆ, ನೀವು ಸುಮ್ಮನಿರಬಹುದು.

ಜಾವಾದಲ್ಲಿ ಸ್ಟ್ಯಾಕ್ ಎಂಬ ಹೆಸರಿನದೇ ಒಂದು ಕ್ಲಾಸ್ ಇದೆ. ಹೆಸರು ನೋಡಿ ಅದಕ್ಕೆ ಕೈಹಾಕಬೇಡಿ. ಅದು ಮೊದಲ ಆವೃತ್ತಿಯ ಕಾಲದ್ದು, ವೆಕ್ಟರ್‌ನಿಂದ ಹುಟ್ಟಿದ್ದು, ಹಾಗಾಗಿ ನಡುವೆ ಎಲ್ಲಿ ಬೇಕಾದರೂ ಕೈತೂರಿಸಲು ಬಿಡುತ್ತದೆ. ಬೇಡದಿದ್ದರೂ ಪ್ರತಿ ಸಲ ಬೀಗ ಹಾಕಿ ತೆಗೆಯುತ್ತದೆ. ಲೂಪ್ ಹಾಕಿದರೆ ತಳದಿಂದ ಮೇಲಕ್ಕೆ ಬರುತ್ತದೆ. ಡೆಕ್ ಇದಕ್ಕಿಂತ ಒಳ್ಳೆಯದು ಎಂದು ಜಾವಾದ ಅಧಿಕೃತ ದಾಖಲೆಯೇ ಹೇಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಅನೇಕರು ಅರೇ ಡೆಕ್ ಬದಲು ಮಾಮೂಲಿ ಮ್ಯೂಟಬಲ್ ಲಿಸ್ಟ್ ಇಟ್ಟುಕೊಂಡು ಅದರ ಮೇಲೆ ರಿಮೂವ್ ಫಸ್ಟ್, ರಿಮೂವ್ ಲಾಸ್ಟ್ ಕರೆಯುತ್ತಾರೆ. ಇವು ಹಿಂದೆ ಕೋಟ್ಲಿನ್ ತಾನೇ ಕೊಟ್ಟ ಫಂಕ್ಷನ್‌ಗಳಾಗಿದ್ದವು. ಮುಂದೆ ಜಾವಾ 21 ಅದೇ ಹೆಸರಿನವನ್ನು ಲಿಸ್ಟ್‌ಗೆ ಸೇರಿಸಿತು, ಆಂಡ್ರಾಯ್ಡ್ 15ರಲ್ಲಿ ಅವು ಫೋನಿಗೂ ಬಂದವು. ಈಗ ಕಂಪೈಲ್ ಎಸ್‌ಡಿಕೆ 35 ಎಂದು ಇಟ್ಟು ಕಂಪೈಲ್ ಮಾಡಿದರೆ ನಿಮ್ಮ ಅದೇ ಹಳೆಯ ಸಾಲು ಹೊಸ ಜಾವಾ ಫಂಕ್ಷನ್‌ಗೆ ಗಂಟುಬೀಳುತ್ತದೆ. ನಿಮ್ಮ ಹೊಸ ಫೋನಿನಲ್ಲಿ ಸೊಗಸಾಗಿ ಓಡುತ್ತದೆ. ಮನೆಯವರ ಆಂಡ್ರಾಯ್ಡ್ 14ರ ಫೋನಿನಲ್ಲಿ ‘ಅಂಥ ಮೆಥಡ್ ಇಲ್ಲ’ ಎಂಬ ದೂರಿನೊಂದಿಗೆ ಕ್ರ್ಯಾಶ್ ಆಗುತ್ತದೆ. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ, ಎಷ್ಟು ಹುಡುಕಿದರೂ ತಪ್ಪು ಕಾಣುವುದಿಲ್ಲ. ವೇರಿಯಬಲ್‌ನ ಟೈಪನ್ನೇ ಕೋಟ್ಲಿನ್‌ನ ಅರೇ ಡೆಕ್ ಎಂದು ಸ್ಪಷ್ಟವಾಗಿ ಬರೆದರೆ ಈ ತೊಂದರೆ ಇಲ್ಲ. ಲಿಸ್ಟೇ ಬೇಕೆಂದರೆ ‘ರಿಮೂವ್ ಆ್ಯಟ್’ ಬಳಸಿ.

ಸ್ವಿಫ್ಟ್ ಕಲಿಯುವ ಗೆಳತಿಯರಿದ್ದರೆ ಹೇಳಿ: ಅಲ್ಲಿ ಸ್ಟ್ಯಾಕ್‌ಗೆ ಅರೇಯೇ ಸಾಕು, ಅಪೆಂಡ್ ಮತ್ತು ಪಾಪ್ ಲಾಸ್ಟ್ ಎರಡೂ ಚುರುಕು. ಕ್ಯೂಗೆ ಅರೇಯ ರಿಮೂವ್ ಫಸ್ಟ್ ಬಳಸಿದರೆ ಉಳಿದವರೆಲ್ಲ ಒಂದೊಂದು ಹೆಜ್ಜೆ ಮುಂದೆ ಸರಿಯಬೇಕು. ಆಪಲ್ 2021ರಲ್ಲಿ ಬಿಡುಗಡೆ ಮಾಡಿದ ಸ್ವಿಫ್ಟ್ ಕಲೆಕ್ಷನ್ಸ್ ಪ್ಯಾಕೇಜ್‌ನಲ್ಲಿ ಡೆಕ್ ಇದೆ. ಇಪ್ಪತ್ತು ಮೂವತ್ತು ಐಟಂ ಇರುವ ಕ್ಯೂಗೆ ಈ ಚಿಂತೆಯೇ ಬೇಡ ಎಂಬುದನ್ನೂ ಹೇಳಿ. ಬಿಗ್ ಓ ಹೆದರಿಕೆ ಸಾವಿರಗಳ ಲೆಕ್ಕದಲ್ಲಿ ಶುರುವಾದರೆ ಸಾಕು.

ಈಗ ಆರಂಭದಲ್ಲಿ ಹೇಳಿದ ಆ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳೋಣ. ಪ್ರೊಸೆಸ್ ಸತ್ತು ಅಂಡೂ ಸ್ಟ್ಯಾಕ್ ಹೋದರೆ ನಡೆಯುತ್ತದೆಯೇ? ನಡೆಯುತ್ತದೆ. ಟಿಪ್ಪಣಿ ಉಳಿದಿದ್ದರೆ ಸಾಕು, ನಿನ್ನೆಯ ಅಂಡೂಗೆ ಯಾರೂ ಅಳುವುದಿಲ್ಲ. ಅದನ್ನು ವ್ಯೂ ಮಾಡೆಲ್‌ನಲ್ಲಿ ಇಡಿ, ಪರದೆ ಅಡ್ಡ ತಿರುಗಿಸಿದಾಗ ಉಳಿಯುತ್ತದೆ. ಅತಿ ಉತ್ಸಾಹದಿಂದ ಇಡೀ ಸ್ಟ್ಯಾಕನ್ನು ಸೇವ್ಡ್ ಸ್ಟೇಟ್ ಬಂಡಲ್‌ಗೆ ತುರುಕಬೇಡಿ. ಅದು ಹೋಗುವ ಬೈಂಡರ್ ದಾರಿಯ ಬಫರ್ ಒಂದು ಪ್ರೊಸೆಸ್‌ಗೆ ಒಟ್ಟು 1 ಮೆಗಾಬೈಟ್ ಮಾತ್ರ, ಮೀರಿದರೆ ಅಲ್ಲೇ ಕ್ರ್ಯಾಶ್.

ಕ್ಯೂ ವಿಷಯ ಹಾಗಲ್ಲ. ನಿಮ್ಮ ಆ್ಯಪ್ ಟಿಪ್ಪಣಿಗಳನ್ನು ಸರ್ವರ್‌ಗೆ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಬಸ್ಸು ಚಾರ್ಮಾಡಿ ಘಾಟಿಯಲ್ಲಿದೆ, ಸಿಗ್ನಲ್ ಇಲ್ಲ, ಬಳಸುವವರು ಮೂರು ಟಿಪ್ಪಣಿ ಬರೆದಿದ್ದಾರೆ. ಇವು ಬರೆದ ಕ್ರಮದಲ್ಲೇ ಕಾದಿದ್ದು ಸಿಗ್ನಲ್ ಬಂದಾಗ ಹೋಗಬೇಕು. ವಾಟ್ಸ್‌ಆ್ಯಪ್‌ನಲ್ಲಿ ನೆಟ್ ಇಲ್ಲದಾಗ ಸಂದೇಶದ ಪಕ್ಕ ಪುಟ್ಟ ಗಡಿಯಾರ ಕಾಣುತ್ತದಲ್ಲ, ಅದು ಹೀಗೆ ಕಾದಿರುವ ಸಂದೇಶದ ಗುರುತು. ಇದನ್ನು ಅರೇ ಡೆಕ್‌ನಲ್ಲಿ ಇಟ್ಟಿರೋ, ಪ್ರೊಸೆಸ್ ಸತ್ತ ಕ್ಷಣ ಮೂರೂ ಹೋದವು. ಈ ಕ್ಯೂ ಡಿಸ್ಕ್‌ನಲ್ಲಿರಬೇಕು. ರೂಮ್ ಲೈಬ್ರರಿ ಬಳಸಿ ಎಸ್‌ಕ್ಯುಲೈಟ್‌ನಲ್ಲಿ ಒಂದು ಟೇಬಲ್ ಮಾಡಿ: ತಾನಾಗಿ ಏರುವ ಕ್ರಮಸಂಖ್ಯೆ, ಏನು ಮಾಡಬೇಕೆಂಬ ಸೂಚನೆ, ಕಳಿಸಬೇಕಾದ ಪಠ್ಯ, ಎಷ್ಟು ಸಲ ಯತ್ನಿಸಿದ್ದೇವೆ ಎಂಬ ಲೆಕ್ಕ. ಹೊಸ ಸಾಲು ಸೇರಿಸುವುದೇ ಎನ್‌ಕ್ಯೂ. ಅತಿ ಚಿಕ್ಕ ಕ್ರಮಸಂಖ್ಯೆಯ ಸಾಲು ಕ್ಯೂನ ಮುಂದಲೆ. ಇದನ್ನು ಗೈಡ್‌ಗೆ ತೋರಿಸಿದರೆ ‘ಇದು ಡೇಟಾಬೇಸ್ ಅಲ್ಲವೇ’ ಎನ್ನಬಹುದು. ಹೌದು, ಡೇಟಾಬೇಸಿನಲ್ಲಿರುವ ಕ್ಯೂ. ಮೊದಲು ಬಂದವರು ಮೊದಲು ಹೊರಡುತ್ತಾರೆ ಎಂಬುದು ಕ್ಯೂ, ಅದನ್ನು ಅರೇಯಲ್ಲಿ ಇಟ್ಟೆವೋ ಟೇಬಲ್‌ನಲ್ಲೋ ಎಂಬುದು ಆಮೇಲಿನ ಮಾತು.

ಲ್ಯಾಬ್‌ನ ಡಿಕ್ಯೂ ಮುಂದಿರುವುದನ್ನು ತೆಗೆದು ಕೈಗೆ ಕೊಡುತ್ತದೆ. ಇಲ್ಲಿ ಹಾಗೆ ಮಾಡಬೇಡಿ. ತೆಗೆದು ಕಳಿಸುವಷ್ಟರಲ್ಲಿ ನೆಟ್ ಹೋದರೆ ಅದು ಕ್ಯೂನಲ್ಲೂ ಇಲ್ಲ, ಸರ್ವರ್‌ನಲ್ಲೂ ಇಲ್ಲ. ಮೊದಲು ನೋಡಿ, ಕಳಿಸಿ, ಸರ್ವರ್ ‘ಬಂತು’ ಎಂದ ಮೇಲೆ ಅಳಿಸಿ. ಇದರಿಂದ ಇನ್ನೊಂದು ತಲೆನೋವು ಹುಟ್ಟುತ್ತದೆ. ಸರ್ವರ್‌ಗೆ ತಲುಪಿದೆ, ಆದರೆ ‘ಬಂತು’ ಎಂಬ ಉತ್ತರ ದಾರಿಯಲ್ಲಿ ಕಳೆದುಹೋಗಿದೆ. ಆ್ಯಪ್ ಮತ್ತೆ ಕಳಿಸುತ್ತದೆ, ಒಂದೇ ಟಿಪ್ಪಣಿ ಎರಡಾಗುತ್ತದೆ. ಟಿಪ್ಪಣಿಯಾದರೆ ಅಷ್ಟೇ ಹೋಯಿತು, ಹಣ ಕಳಿಸುವ ಆ್ಯಪ್ ಆಗಿದ್ದರೆ ಏನು ಗತಿ? ಪ್ರತಿ ಸಾಲಿಗೂ ಫೋನಿನಲ್ಲೇ ಒಂದು ವಿಶಿಷ್ಟ ಗುರುತು ಹುಟ್ಟಿಸಿ ಅದನ್ನೂ ಕಳಿಸಿ. ಅದೇ ಗುರುತು ಮತ್ತೆ ಬಂದರೆ ಸರ್ವರ್ ಹೊಸದಾಗಿ ಏನೂ ಮಾಡದೆ ‘ಬಂತು’ ಎನ್ನಲಿ.

ಕ್ಯೂ ಕೆಡುವುದು ಬಹಳ ಸಲ ಮುಂದಲೆಯಲ್ಲೇ. ಮೊದಲ ಸಾಲನ್ನು ಸರ್ವರ್ ‘ಇದು ತಪ್ಪು’ ಎಂದು ತಿರಸ್ಕರಿಸಿದರೆ ಎಷ್ಟು ಸಲ ಕಳಿಸಿದರೂ ತಿರಸ್ಕಾರವೇ. ಹಿಂದಿನವೆಲ್ಲ ಅದರ ಬೆನ್ನಿಗೆ ನಿಂತು ಕಾಯುತ್ತಿರುತ್ತವೆ. ನೆಟ್ ಇಲ್ಲದೆ ಸೋತದ್ದನ್ನು ಮತ್ತೆ ಯತ್ನಿಸಬೇಕು, ಸರ್ವರ್ ನಿರಾಕರಿಸಿದ್ದನ್ನು ಪಕ್ಕಕ್ಕೆ ಸರಿಸಿ ಬಳಸುವವರಿಗೆ ತಿಳಿಸಬೇಕು. ಈ ಎರಡನ್ನೂ ಒಂದೇ ಕ್ಯಾಚ್‌ನಲ್ಲಿ ಹಿಡಿಯಬೇಡಿ. ಒಂದೇ ಟಿಪ್ಪಣಿಯನ್ನು ಹತ್ತು ಸಲ ತಿದ್ದಿದ್ದರೆ ಹತ್ತನ್ನೂ ಕಳಿಸುವ ಅಗತ್ಯವೂ ಇಲ್ಲ, ಕಾದಿರುವ ಹಳೆಯ ಸಾಲಿನ ಮೇಲೆಯೇ ಹೊಸ ಪಠ್ಯ ಬರೆದರಾಯಿತು.

ಕ್ಯೂ ಖಾಲಿ ಮಾಡುವ ಕೆಲಸ ವರ್ಕ್ ಮ್ಯಾನೇಜರ್‌ಗೆ ವಹಿಸಿ. ನೆಟ್ ಬಂದಾಗ ಮಾತ್ರ ಎಬ್ಬಿಸು ಎಂದು ಅದಕ್ಕೆ ಹೇಳಬಹುದು. ಸೋತರೆ ಪೂರ್ವನಿಯೋಜಿತವಾಗಿ 30 ಸೆಕೆಂಡ್ ಬಿಟ್ಟು, ಆಮೇಲೆ ಪ್ರತಿ ಸಲ ದುಪ್ಪಟ್ಟು ಅಂತರ ಬಿಟ್ಟು ಯತ್ನಿಸುತ್ತದೆ, ಗರಿಷ್ಠ 5 ಗಂಟೆ. ಪ್ರತಿ ಟಿಪ್ಪಣಿಗೂ ಬೇರೆ ಬೇರೆ ವರ್ಕ್ ಕೊಟ್ಟರೆ ಮೊದಲು ಕೊಟ್ಟದ್ದೇ ಮೊದಲು ಓಡುತ್ತದೆ ಎಂಬ ಭರವಸೆ ಇಲ್ಲ. ಒಂದೇ ಹೆಸರಿನ ಒಂದು ವರ್ಕ್ ಇಟ್ಟು, ಅದು ಎದ್ದಾಗ ಟೇಬಲ್‌ನ ಮುಂದಲೆಯಿಂದ ಒಂದೊಂದಾಗಿ ಮುಗಿಸುತ್ತ ಹೋಗಲಿ. ಇಬ್ಬರು ಒಂದೇ ಸಲ ಕ್ಯೂಗೆ ಕೈಹಾಕುವ ಗೊಂದಲವೂ ತಪ್ಪುತ್ತದೆ. ಮೆಮೊರಿಯಲ್ಲಿಯೇ ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ದಾಟಿಸುವ ಕ್ಯೂ ಬೇಕಾದರೆ ಅರೇ ಡೆಕ್ ಬೇಡ, ಅದು ಏಕಕಾಲದ ಬಳಕೆಗೆ ತಕ್ಕುದಲ್ಲ. ಕೊರೊಟೀನ್‌ಗಳ ಚಾನೆಲ್ ಇರುವುದು ಅದಕ್ಕೇ.

ನೀವು ಮುಟ್ಟದೇ ಇರುವ ಇನ್ನೊಂದು ಕ್ಯೂ ಇದೆ, ಹೆಸರು ಮೆಸೇಜ್ ಕ್ಯೂ. ಬೆರಳಿನ ಸ್ಪರ್ಶ, ಪರದೆ ಬಿಡಿಸುವುದು ಎಲ್ಲ ಇದರಲ್ಲಿ ಸಾಲು ನಿಂತು ಮುಖ್ಯ ಥ್ರೆಡ್‌ನಲ್ಲಿ ಒಂದೊಂದಾಗಿ ನಡೆಯುತ್ತವೆ. ನೀವು ಆ ಥ್ರೆಡ್‌ನಲ್ಲಿ ದೊಡ್ಡ ಕೆಲಸ ಹಚ್ಚಿದರೆ ಹಿಂದಿನ ಸ್ಪರ್ಶಗಳು ಕಾಯುತ್ತವೆ, 5 ಸೆಕೆಂಡ್ ಕಳೆದರೆ ‘ಆ್ಯಪ್ ಸ್ಪಂದಿಸುತ್ತಿಲ್ಲ’ ಎಂಬ ಪೆಟ್ಟಿಗೆ ಬರುತ್ತದೆ. ಮೇಲೆ ಹೇಳಿದ ಟೇಬಲ್ ಓದುವ ಕೆಲಸವನ್ನು ಅಲ್ಲಿ ಮಾಡಬೇಡಿ. ಮಾಡಹೋದರೆ ರೂಮ್ ಕೂಡ ಸುಮ್ಮನೆ ಬಿಡುವುದಿಲ್ಲ.

ಪರೀಕ್ಷೆಗೆ ಓದುವ ಇನ್‌ಫಿಕ್ಸ್–ಪೋಸ್ಟ್‌ಫಿಕ್ಸ್ ಲೆಕ್ಕ ಎಲ್ಲಿ ಬಳಕೆಗೆ ಬರುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕ್ಯಾಲ್ಕ್ಯುಲೇಟರ್ ಆ್ಯಪ್‌ನಲ್ಲಿ. ಮ್ಯೂನಿಕ್‌ನ ಫ್ರೀಡ್ರಿಶ್ ಬಾವರ್ ಮತ್ತು ಕ್ಲೌಸ್ ಸಾಮೆಲ್ಸನ್ 1957ರಲ್ಲಿ ಸ್ಟ್ಯಾಕ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದೂ ಸೂತ್ರಗಳನ್ನು ಲೆಕ್ಕ ಹಾಕುವ ಕೆಲಸಕ್ಕೆಂದೇ. ನೋಟ್ಸ್ ಆ್ಯಪ್‌ಗೆ ಅದನ್ನು ಎಳೆದು ತಂದು ಜೋಡಿಸಬೇಡಿ.

ಪ್ರಾಜೆಕ್ಟ್ ಒಪ್ಪಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಮೂರು ಟಿಪ್ಪಣಿ ಬರೆಯಿರಿ. ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪನ್ನು ಫೋರ್ಸ್ ಸ್ಟಾಪ್ ಮಾಡಿ. ಫೋರ್ಸ್ ಸ್ಟಾಪ್ ಆದ ಆ್ಯಪ್‌ನ ವರ್ಕ್ ಮ್ಯಾನೇಜರ್ ಕೂಡ ಮತ್ತೆ ತೆರೆಯುವ ತನಕ ಏಳುವುದಿಲ್ಲ, ಆದ್ದರಿಂದ ನೆಟ್ ಹಾಕಿ ಆ್ಯಪ್ ತೆರೆಯಿರಿ. ಮೂರೂ ಸರ್ವರ್‌ಗೆ, ಬರೆದ ಕ್ರಮದಲ್ಲೇ, ಒಂದೊಂದೇ ಸಲ ಬಂದಿವೆಯೇ ನೋಡಿ. ಬಂದಿದ್ದರೆ ಗೈಡ್‌ಗೆ ಕೋಡ್ ತೋರಿಸುವ ಬದಲು ಇದನ್ನೇ ಅವರ ಕಣ್ಣೆದುರು ಮಾಡಿ ತೋರಿಸಿ.